ದಾಳ ಬಿದ್ದಂತೆ ಹೆಜ್ಜೆ

ಪ್ರಶ್ನೆ: ಅಮೆರಿಕದ ಮರ್ಸ್ ಕನ್ನಿಂಗ್‌ಹ್ಯಾಮ್ ನಾಣ್ಯ, ದಾಳ ಹಾಕಿ ನೃತ್ಯ ಕಟ್ಟುತ್ತಿದ್ದರೆಂದು ಓದಿ, ನಾವು ಮೂವರು 4 ನಿಮಿಷದ ಸಮಕಾಲೀನ ನೃತ್ಯಕ್ಕೆ ಹಾಗೇ ಮಾಡಿದೆವು. ಎರಡು ದಾಳ ಹಾಕಿ, ಮೊತ್ತಕ್ಕೆ ತಕ್ಕ ಚಲನೆಯನ್ನು ಅಲ್ಲೇ ಕುಣಿದೆವು. ಎಲ್ಲ ಕಲಸುಮೇಲೋಗರವಾಯಿತು, ಕೆಲವು ಚಲನೆಗಳೇ ಮತ್ತೆ ಮತ್ತೆ ಬಂದವು. ಎಲ್ಲಿ ತಪ್ಪಿದೆವು?
– ಓದುಗರು, ಧಾರವಾಡ

ಉತ್ತರ: ಎರಡು ದಾಳದ ಮೊತ್ತ 7 ಆಗಲು 36ರಲ್ಲಿ 6 ದಾರಿಗಳಿವೆ, 2 ಅಥವಾ 12 ಆಗಲು ಒಂದೊಂದೇ. ಪಟ್ಟಿಯ ನಡುವಿನ ಚಲನೆಗಳು ಮರುಕಳಿಸಿದ್ದು ಅದಕ್ಕೇ. ಒಂದು ಕೆಂಪು, ಒಂದು ಬಿಳಿ ದಾಳ ಇಟ್ಟುಕೊಳ್ಳಿ. ಚಲನೆಗಳನ್ನು 6 ಅಡ್ಡಸಾಲು, 6 ಉದ್ದಸಾಲಿನ ಕೋಷ್ಟಕದಲ್ಲಿ ಬರೆಯಿರಿ. ಕೆಂಪು ಅಡ್ಡಸಾಲಿಗೆ, ಬಿಳಿ ಉದ್ದಸಾಲಿಗೆ. ಆಗ 36 ಮನೆಗಳಿಗೂ ಸಮಾನ ಅವಕಾಶ. ಸುಮ್ಮನೆ ನಿಲ್ಲುವುದು, ನಡೆಯುವುದು, ಬೀಳುವುದು ಕೂಡ ಆ ಮನೆಗಳಲ್ಲಿರಲಿ. ಬರೀ ಮೆಚ್ಚಿನ ಚಲನೆಗಳನ್ನು ತುಂಬಿದರೆ ದಾಳ ಹಾಕಿದ್ದೂ ದಂಡ.

ಕಲಸುಮೇಲೋಗರವಾಗಲು ಕಾರಣ ಬೇರೆ. ಕನ್ನಿಂಗ್‌ಹ್ಯಾಮ್ ಸಾಮಾನ್ಯವಾಗಿ ದಾಳ ಹಾಕುತ್ತಿದ್ದುದು ಸಂಯೋಜನೆಯ ಹೊತ್ತಿನಲ್ಲಿ. ಬಿದ್ದದ್ದನ್ನು ಬರೆದಿಟ್ಟು ನರ್ತಕರಿಗೆ ಕಲಿಸುತ್ತಿದ್ದರು, ಅದು ಆಶುನೃತ್ಯವಲ್ಲ. 2003ರ 'ಸ್ಪ್ಲಿಟ್ ಸೈಡ್ಸ್'ನಲ್ಲಿ ಪ್ರೇಕ್ಷಕರ ಎದುರಿಗೇ ದಾಳ ಬಿತ್ತು, ನಿಜ. ಆದರೆ ನೃತ್ಯ, ಸಂಗೀತ, ರಂಗಸಜ್ಜು, ಉಡುಪು, ಬೆಳಕು ಇವುಗಳ ಎರಡೆರಡು ಭಾಗಗಳೂ ಮೊದಲೇ ಸಿದ್ಧವಿದ್ದವು. ದಾಳ ತೀರ್ಮಾನಿಸಿದ್ದು ಯಾವುದು ಮೊದಲು ಎಂಬುದನ್ನಷ್ಟೇ. ಒಟ್ಟು 32 ಜೋಡಣೆಗಳು.

ಹಾಗಾಗಿ ನೀವೂ ಮೊದಲು ಕೂತು ಬರೆಯಿರಿ. ಚಲನೆ, ಅವಧಿ, ಜಾಗ, ಮುಖ ಮಾಡುವ ದಿಕ್ಕು – ನಾಲ್ಕಕ್ಕೂ ಬೇರೆ ಬೇರೆ ಪಟ್ಟಿ, ಪ್ರತಿಯೊಬ್ಬರಿಗೂ ಬೇರೆ ಎಸೆತ. ಅವಧಿಗೆ 4, 6, 8, 10, 12, 20 ಎಣಿಕೆಗಳನ್ನಿಡಿ, ಸರಾಸರಿ 10. ಸೆಕೆಂಡಿಗೆ ಒಂದು ಎಣಿಕೆಯಂತೆ 4 ನಿಮಿಷಕ್ಕೆ 240, ಅಂದರೆ ತಲೆಗೆ ಸುಮಾರು 24 ತುಣುಕು.

ನಿಜವಾದ ಕೆಲಸ ತುಣುಕುಗಳ ಬೆಸುಗೆಯಲ್ಲಿದೆ. ಒಂದು ಚಲನೆ ಬಲಗಾಲ ಮೇಲೆ ಪೂರ್ತಿ ಭಾರ ಬಿಟ್ಟು ಮುಗಿದಿದೆ, ಮುಂದಿನದು ಅದೇ ಬಲಗಾಲನ್ನು ಹಿಂದಕ್ಕೆ ಎತ್ತಿ ಶುರುವಾಗಬೇಕು ಎನ್ನಿ. ಮತ್ತೊಮ್ಮೆ ದಾಳ ಹಾಕುವ ಆಸೆಯಾಗುತ್ತದೆ. ಹಾಕಬೇಡಿ, ಹಾಕಿದರೆ ನಿಮ್ಮ ಹಳೆಯ ರೂಢಿಯೇ ಹಿಂಬಾಗಿಲಿಂದ ಬರುತ್ತದೆ. ಕೊನೆಯ ಎರಡು ಎಣಿಕೆಯಲ್ಲಿ ಎರಡೂ ಮಂಡಿ ಸಡಿಲಿಸಿ, ಸೊಂಟವನ್ನು ಎಡಕ್ಕೆ ಜಾರಿಸಿ, ಭಾರ ಎಡಪಾದಕ್ಕೆ ಇಳಿದ ಮೇಲೆ ಬಲಗಾಲು ಎತ್ತಿ. ತಾವಾಗಿ ಎಂದೂ ಹೊಳೆಯದ ಚಲನೆ ಹುಟ್ಟುವುದು ಇಂಥ ಜಾಗದಲ್ಲೇ. ಇಬ್ಬರಿಗೆ ಒಂದೇ ಜಾಗ ಬಿದ್ದರೆ ಯಾರು ಪಕ್ಕಕ್ಕೆ ಸರಿಯಬೇಕು ಎಂಬ ನಿಯಮವನ್ನು ಎಸೆತಕ್ಕೆ ಮೊದಲೇ ಬರೆದಿಡಿ.

ಪ್ರಶ್ನೆ: ಭರತನಾಟ್ಯಕ್ಕೆ ಇದು ಒಗ್ಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಕನ್ನಿಂಗ್‌ಹ್ಯಾಮ್ ಈ ವಿಧಾನವನ್ನು ಮೊದಲು ಬಳಸಿದ 1951ರ 'ಸಿಕ್ಸ್‌ಟೀನ್ ಡ್ಯಾನ್ಸಸ್'ಗೆ ಆಧಾರ ನಮ್ಮ ನವರಸಗಳೇ! ಶಾಂತವನ್ನು ಬಿಟ್ಟರೆ, ಬೆಳಕಿನ ನಾಲ್ಕು, ಕತ್ತಲಿನ ನಾಲ್ಕು ಭಾವಗಳು ಒಂದಾದ ಮೇಲೊಂದು ಬರಬೇಕು. ಶೋಕ ಮೊದಲೋ ಭಯ ಮೊದಲೋ ಎಂಬುದನ್ನು ನಾಣ್ಯಕ್ಕೆ ಬಿಟ್ಟರು.

ನೃತ್ತದಲ್ಲಿ, ಅಂದರೆ ಅಭಿನಯವಿಲ್ಲದ ಶುದ್ಧ ನೃತ್ಯದಲ್ಲಿ, ತೊಡಕಾಗುವುದು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಸೇರುವಾಗ. 8 ಪೆಟ್ಟಿನ ಆದಿತಾಳ, ಪೆಟ್ಟಿಗೆ 4 ಮಾತ್ರೆಯ ಚತುರಶ್ರ ನಡೆಯಲ್ಲಿ ಎರಡು ಆವರ್ತನಕ್ಕೆ (ತಾಳದ ಎರಡು ಸುತ್ತಿಗೆ) 64 ಮಾತ್ರೆ. 3, 4, 5, 7, 9 ಮಾತ್ರೆಯ ಅಡವು (ಮೂಲ ಹೆಜ್ಜೆ) ತುಣುಕುಗಳನ್ನು ಚೀಟಿಗಳಲ್ಲಿ ಬರೆದು, ಎತ್ತಿದ ಚೀಟಿಯನ್ನು ಮತ್ತೆ ಬೆರೆಸುತ್ತಾ ಕೂಡುತ್ತಾ ಹೋಗಿ. 64 ದಾಟಿಸುವ ಚೀಟಿ ಬಂದರೆ ಅದನ್ನು ಬಿಟ್ಟು, ಉಳಿದ ಮಾತ್ರೆಗಳನ್ನು ತುಣುಕುಗಳ ನಡುವೆ ಕಾರ್ವೆಯಾಗಿ (ವಿರಾಮವಾಗಿ) ಹಂಚಿ. ಎಲ್ಲವನ್ನೂ ಕೊನೆಯಲ್ಲೇ ಗುಡ್ಡೆ ಹಾಕಿದರೆ ಮುಕ್ತಾಯ ಸೊರಗುತ್ತದೆ.