ಪಾಲಿಶ್ ಹೊಳಪು ಕೊಡುತ್ತದೆ, ಬಣ್ಣ ಕಾಯುವುದು ವ್ಯಾಕ್ಸ್

ಪ್ರಶ್ನೆ: ಶರಣು ಸರ್. ನನ್ನದು ಸೇಡಂ. ಎರಡು ವರ್ಷದ ಹಿಂದೆ ಕಪ್ಪು ಬಣ್ಣದ ಕಾರು ಕೊಂಡಿದ್ದೇನೆ. ದಿನವೂ ಮಳಖೇಡದ ಮೇಲೆ ಕಲಬುರಗಿಗೆ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಸಿಮೆಂಟ್ ಲಾರಿಗಳ ಧೂಳು. ರಾತ್ರಿ ಕಾರು ನಿಲ್ಲುವುದು ಮನೆ ಮುಂದಿನ ಬೇವಿನ ಮರದ ಕೆಳಗೆ. ದಿನಾಲೂ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುತ್ತೇನೆ, ಎರಡು ತಿಂಗಳಿಗೊಮ್ಮೆ ಅಂಗಡಿಯಲ್ಲಿ ಯಂತ್ರದ ಪಾಲಿಶ್ ಮಾಡಿಸುತ್ತೇನೆ. ಒಂದು ವಾರ ಕನ್ನಡಿಯಂತೆ ಹೊಳೆದು ಮತ್ತೆ ಮಂಕಾಗುತ್ತದೆ. ಬಿಸಿಲಲ್ಲಿ ನೋಡಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಗೆರೆಗಳು. ಇನ್ನು ಮೇಲೆ ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಲೇ?

ಉತ್ತರ: ಬೇಡ. ಎರಡು ತಿಂಗಳಿಗೊಮ್ಮೆ ಮಾಡಿಸುತ್ತಿರುವುದನ್ನೂ ಇಂದೇ ನಿಲ್ಲಿಸಿ. ಇಷ್ಟು ಕಾಳಜಿಯಿಂದ ನೋಡಿಕೊಳ್ಳುವ ಕಾರು ಆ ಕಾಳಜಿಯಿಂದಲೇ ಸವೆಯುತ್ತಿದೆ ಎಂಬುದು ನನಗೆ ಸಂಕಟದ ಸಂಗತಿ.

ನಮ್ಮಲ್ಲಿ ಪಾಲಿಶ್, ವ್ಯಾಕ್ಸ್ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಪಾಲಿಶ್‌ನಲ್ಲಿ ಬಹಳ ನುಣ್ಣನೆಯ ಅರೆಯುವ ಪುಡಿ ಇರುತ್ತದೆ. ಅದು ಬಣ್ಣದ ಮೇಲ್ಮೈಯನ್ನು ಕೂದಲೆಳೆಗಿಂತ ತೆಳ್ಳಗೆ ಸವೆಸಿ, ಗೀರುಗಳ ಅಂಚನ್ನು ಸಮ ಮಾಡುತ್ತದೆ. ಹಾಗಾಗಿ ಹೊಳಪು ಕಾಣುತ್ತದೆ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ಒಂದು ಪದರವಾಗಿ ಕೂತು ಧೂಳು, ನೀರು, ಹಕ್ಕಿಯ ಹಿಕ್ಕೆಯನ್ನು ತಡೆಯುತ್ತದೆ. ಒಂದು ತೆಗೆಯುವ ಕೆಲಸ, ಇನ್ನೊಂದು ಹೊದಿಸುವ ಕೆಲಸ. ನೀವು ಎರಡು ವರ್ಷದಿಂದ ಬರೀ ತೆಗೆಸುತ್ತಿದ್ದೀರಿ.

ತೆಗೆಯಲು ಅಲ್ಲಿ ಇರುವುದಾದರೂ ಎಷ್ಟು? ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಕ್ಲಿಯರ್ ಕೋಟ್ 40ರಿಂದ 50 ಮೈಕ್ರಾನ್ ಮಾತ್ರ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆದು ಬಣ್ಣವನ್ನು ಉಳಿಸುವುದು ಈ ಪದರವೇ. ಕಾಂಪೌಂಡ್ ಎಂಬ ಒರಟು ಪಾಲಿಶ್ ಹಾಕಿ ಯಂತ್ರ ತಿರುಗಿಸಿದರೆ ಒಂದೇ ಸಲಕ್ಕೆ ಅದರಲ್ಲಿ ಕೆಲವು ಮೈಕ್ರಾನ್ ಹೋಗುತ್ತದೆ. ಹೋದದ್ದು ಮರಳಿ ಬೆಳೆಯುವುದಿಲ್ಲ. ಟಾಪಿನ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗಿ ಪೊರೆ ಏಳುತ್ತಿರುವ ಹಳೆಯ ಕಾರುಗಳನ್ನು ನೋಡಿರುತ್ತೀರಿ. ಕ್ಲಿಯರ್ ಕೋಟ್ ಸತ್ತ ಮೇಲೆ ಆಗುವುದು ಅದೇ, ಆಮೇಲೆ ಪೂರ್ತಿ ಬಣ್ಣ ಹೊಡೆಸುವುದೊಂದೇ ದಾರಿ.

ಇನ್ನು ಆ ಜೇಡರ ಬಲೆ. ಅದು ನಿಮ್ಮ ಬೆಳಗಿನ ಒಣ ಬಟ್ಟೆಯ ಕೆಲಸ. ಸೇಡಂ, ಶಹಾಬಾದ್, ವಾಡಿ ಕಡೆಯ ಸುಣ್ಣದ ಕಲ್ಲಿನ ಪುಡಿ ತಾನಾಗಿಯೇ ಅಷ್ಟು ಗಟ್ಟಿಯಲ್ಲ. ಆದರೆ ರಸ್ತೆಯ ಧೂಳಿನಲ್ಲಿ ಮರಳಿನ ಕಣವೂ ಬೆರೆತಿರುತ್ತದೆ, ಅದು ಗಾಜನ್ನೂ ಗೀರಬಲ್ಲದು. ಒಣ ಬಟ್ಟೆಯಿಂದ ಒರೆಸಿದಾಗ ನೀವು ಉಜ್ಜುತ್ತಿರುವುದು ಆ ಕಣಗಳನ್ನೇ. ತಿಳಿ ಬಣ್ಣದ ಕಾರಿನಲ್ಲಿ ಈ ಗೆರೆ ಅಡಗುತ್ತದೆ, ಕಪ್ಪು ಯಾವುದನ್ನೂ ಮುಚ್ಚಿಡುವುದಿಲ್ಲ. ಬಟ್ಟೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ತಾಗಿಸಿ ಒರೆಸುವ ರೂಢಿಯೂ ಇದೆ. ಅರ್ಧ ದಿನ ಮಿಂಚುತ್ತದೆ, ಆ ಜಿಡ್ಡಿಗೆ ಸಂಜೆಯೊಳಗೆ ಊರಿನ ಧೂಳೆಲ್ಲ ಅಂಟುತ್ತದೆ.

ಸಿಮೆಂಟ್ ಪುಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು ಒಣಗಿದ್ದಾಗ ಸುಮ್ಮನಿರುತ್ತದೆ. ಚಳಿಗಾಲದ ಇಬ್ಬನಿ ಬಿದ್ದರೆ ತನ್ನ ಸಹಜ ಕೆಲಸ ಮಾಡುತ್ತದೆ, ಗಟ್ಟಿಯಾಗುತ್ತದೆ. ಒದ್ದೆ ಸಿಮೆಂಟ್ ಬಹಳ ಕ್ಷಾರವಾದದ್ದು, ಕ್ಲಿಯರ್ ಕೋಟನ್ನು ತಿನ್ನುತ್ತದೆ. ಆದ್ದರಿಂದ ಹಸಿ ಬಟ್ಟೆಯಲ್ಲಿ ಸವರಿ ಬಿಡಬೇಡಿ. ಪೈಪಿನಿಂದ ಧಾರಾಳವಾಗಿ ನೀರು ಹರಿಸಿ ಮೊದಲು ಪುಡಿ ಇಳಿದುಹೋಗಲಿ, ಕೈ ತಾಗಿಸುವುದು ಆಮೇಲೆ. ದಿನವೂ ಒರೆಸುವುದಕ್ಕಿಂತ ವಾರಕ್ಕೊಮ್ಮೆ ಹೀಗೆ ತೊಳೆಯುವುದು ಮೇಲು. ಒಂದು ಬಕೆಟ್‌ನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲ ಎರಡನೆಯದರಲ್ಲಿ ಜಾಲಿಸಿ ಮೊದಲನೆಯದಕ್ಕೆ ಅದ್ದಿ. ಪಾತ್ರೆ ತೊಳೆಯುವ ಸೋಪು ಬೇಡ, ಜಿಡ್ಡಿನ ಜೊತೆ ವ್ಯಾಕ್ಸನ್ನೂ ಅದು ಎತ್ತಿಕೊಂಡು ಹೋಗುತ್ತದೆ. ಹಳೆಯ ಪಂಚೆ, ಬನಿಯನ್ ಬಿಟ್ಟು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ. ಅದು ನೆಲಕ್ಕೆ ಬಿದ್ದರೆ ಒಗೆಯದೆ ಮತ್ತೆ ಕಾರಿಗೆ ತಾಗಿಸಬೇಡಿ.

ಈಗ ಮಾಡಬೇಕಾದದ್ದು: ಒಂದೇ ಒಂದು ಸಲ, ನುಣುಪಾದ ಪಾಲಿಶ್‌ನಿಂದ, ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರ ಕೈಯಲ್ಲಿ ಗೆರೆಗಳನ್ನು ತೆಗೆಸಿ. ಅದೇ ದಿನ ಮೇಲೆ ವ್ಯಾಕ್ಸ್ ಅಥವಾ ಸೀಲೆಂಟ್ ಹಾಕಿ. ಎರಡರಲ್ಲಿ ಯಾವುದು ಎಂದರೆ, ನಮ್ಮ ಬಿಸಿಲಿಗೆ ನನ್ನ ಆಯ್ಕೆ ಸೀಲೆಂಟ್. ಕಾರ್ನೌಬಾ ಎಂಬ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ವ್ಯಾಕ್ಸ್ ಕಪ್ಪು ಬಣ್ಣಕ್ಕೆ ಆಳವಾದ ಹೊಳಪು ಕೊಡುತ್ತದೆ, ನನಗೂ ಬಹಳ ಇಷ್ಟ. ಅದು ಕರಗುವುದು 80 ಡಿಗ್ರಿ ದಾಟಿದ ಮೇಲೆ. ಆದರೆ ಮೇ ತಿಂಗಳ ಮಧ್ಯಾಹ್ನ ಕಪ್ಪು ಬಾನೆಟ್ ಕೈ ಇಡಲಾಗದಷ್ಟು ಕಾಯುವುದರಿಂದ ಇಲ್ಲಿ ಅದರ ಆಯುಸ್ಸು ಕಡಿಮೆ, ಒಂದೆರಡು ತಿಂಗಳು ಬಂದರೆ ಪುಣ್ಯ. ಕೃತಕ ಪಾಲಿಮರ್‌ನ ಸೀಲೆಂಟ್ ನಾಲ್ಕು ತಿಂಗಳಾದರೂ ನಿಲ್ಲುತ್ತದೆ.

ಹಾಕುವುದನ್ನು ನೀವೇ ಮನೆಯಲ್ಲಿ ಮಾಡಬಹುದು. ನಾನು ಕೆಲಸ ಕಲಿತ ಉಸ್ತಾದರು ಡಬ್ಬಿ ತೆರೆಯುವ ಮೊದಲು ಅಂಗೈಯನ್ನು ಬಾನೆಟ್ ಮೇಲಿಡುತ್ತಿದ್ದರು. ತಂಪಾಗಿದ್ದರೆ ಮಾತ್ರ ಕೆಲಸ, ಇಲ್ಲದಿದ್ದರೆ ಚಹಾ ತರಿಸುತ್ತಿದ್ದರು. ಬಿಸಿ ತಗಡಿನ ಮೇಲೆ ವ್ಯಾಕ್ಸ್ ಹಚ್ಚಿದೊಡನೆ ಒಣಗಿ ಕಲೆ ಕಟ್ಟುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ನೆರಳಲ್ಲಿ ಮುಗಿಸಿ. ತೊಳೆದು ಒಣಗಿಸಿದ ಮೇಲೆ ಒಂದೊಂದೇ ಭಾಗ ಹಿಡಿಯಿರಿ: ಬಾನೆಟ್ಟಿನ ಅರ್ಧ, ಆಮೇಲೆ ಇನ್ನರ್ಧ, ಆಮೇಲೆ ಒಂದೊಂದು ಬಾಗಿಲು. ಒಂದು ಭಾಗಕ್ಕೆ ನಾಣ್ಯದಷ್ಟು ಸಾಕು. ದಪ್ಪ ಹಚ್ಚಿದರೆ ಹೆಚ್ಚು ಬಾಳಿಕೆ ಎಂಬುದು ತಪ್ಪು. ಹೆಚ್ಚಾದದ್ದೆಲ್ಲ ಬಟ್ಟೆಗೇ ಹೋಗುತ್ತದೆ. ಮಂಜು ಕವಿದಂತೆ ಬೆಳ್ಳಗಾದಾಗ ಬೇರೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗದಂತೆ ನೋಡಿಕೊಳ್ಳಿ, ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಮತ್ತೆ ಯಾವಾಗ ಎಂಬುದನ್ನು ಕ್ಯಾಲೆಂಡರ್‌ಗಿಂತ ನೀರು ಚೆನ್ನಾಗಿ ಹೇಳುತ್ತದೆ. ತೊಳೆಯುವಾಗ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ಉರುಳಿದರೆ ಪದರ ಇದೆ. ಹಾಳೆಯಂತೆ ಹರಡಿ ನಿಂತರೆ ಹೋಗಿದೆ. ನಾನಾಗಿದ್ದರೆ ಶಿವರಾತ್ರಿಯ ಹೊತ್ತಿಗೆ ಒಮ್ಮೆ, ಕಾರಹುಣ್ಣಿಮೆಯ ಹೊತ್ತಿಗೆ ಮಳೆಗಾಲಕ್ಕೆಂದು ಒಮ್ಮೆ, ದಸರೆಗೆ ಮುಂಚೆ ಒಮ್ಮೆ ಹಾಕುತ್ತೇನೆ. ಆಯುಧ ಪೂಜೆಗೆ ಮುಂಚೆ ಹಾಕುವುದಕ್ಕೆ ಕಾರಣವಿದೆ. ಬಾನೆಟ್ಟಿಗೆ ಹಚ್ಚಿದ ಅರಿಶಿನ, ಕುಂಕುಮ ಬಣ್ಣಕ್ಕೆ ಇಳಿಯದೆ ಮರುದಿನ ಸುಲಭವಾಗಿ ತೊಳೆದುಹೋಗುತ್ತದೆ. ಬೇವಿನ ಮರದ ನೆರಳು ಇರಲಿ, ಬಿಸಿಲಿಗಿಂತ ಲೇಸು. ಹಿಕ್ಕೆ ಬಿದ್ದರೆ ಮಾತ್ರ ಒದ್ದೆ ಬಟ್ಟೆ ಐದು ನಿಮಿಷ ಅದರ ಮೇಲಿಟ್ಟು, ನೆನೆದ ಮೇಲೆ ಅಂದೇ ಎತ್ತಿಬಿಡಿ.

ಪ್ರಶ್ನೆ: ಬೀದರ್‌ನಲ್ಲಿ ಹೊಸ ಬಿಳಿ ಕಾರು ಕೊಂಡಿದ್ದೇವೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರು ಬೀಳುವುದೇ ಇಲ್ಲ, ತೊಳೆಯುವುದೂ ಬೇಡ ಎನ್ನುತ್ತಾರೆ. ಮಾಡಿಸೋಣವೇ?

ಉತ್ತರ: ಹಾಗೆ ಹೇಳಿ ಮಾರುವವರಲ್ಲಿ ಮಾಡಿಸಬೇಡಿ. ಕೋಟಿಂಗ್ ಒಳ್ಳೆಯದೇ, ಸಿಲಿಕಾದ ಗಟ್ಟಿ ಪದರ ಕೆಲವು ವರ್ಷ ನಿಲ್ಲುತ್ತದೆ. ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್. ಚಕ್ರದಿಂದ ಸಿಡಿದ ಕಲ್ಲನ್ನಾಗಲಿ ಕೀಲಿಯ ಗೀರನ್ನಾಗಲಿ ತಡೆಯದು. ತೊಳೆಯಲೇಬೇಕು, ತೊಳೆಯುವುದು ಸುಲಭವಾಗುತ್ತದೆ ಅಷ್ಟೆ. ಕೋಟಿಂಗ್‌ಗಿಂತ ಅದಕ್ಕೆ ಮುಂಚಿನ ತಯಾರಿ ದೊಡ್ಡದು: ಕೆಳಗೆ ಉಳಿದ ಗೀರು, ಧೂಳು ಒಳಗೇ ಉಳಿಯುತ್ತವೆ. ಬಿದರಿ ಕುಶಲಕರ್ಮಿಗಳನ್ನು ನೋಡಿ. ಕೋಟೆಯ ಮಣ್ಣಿನಲ್ಲಿ ಪಾತ್ರೆ ಕಪ್ಪಾಗಿಸಿ ಎಣ್ಣೆ ಸವರುವುದು ಕೊನೆಯ ಕೆಲಸ. ಅದಕ್ಕೆ ಮುಂಚಿನ ಉಜ್ಜುವಿಕೆ, ನುಣುಪು ಮಾಡುವಿಕೆಗೆ ಎಷ್ಟು ಹೊತ್ತು ಕೊಡುತ್ತಾರೆ! ಒಂದೇ ಗಂಟೆಯಲ್ಲಿ ಮುಗಿಸುತ್ತೇವೆ ಎನ್ನುವ ಅಂಗಡಿಯಿಂದ ಹಿಂದಿರುಗಿ ಬನ್ನಿ.

ಪ್ರಶ್ನೆ: ಯಾದಗಿರಿ. ಬೋರ್‌ವೆಲ್ ನೀರಿನಿಂದ ತೊಳೆದಾಗಲೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ. ಪಾಲಿಶ್ ಮಾಡಿದರೆ ಹೋಗುತ್ತದೆಯೇ?

ಉತ್ತರ: ಮೊದಲು ವಿನೆಗರ್. ಅಷ್ಟೇ ಪ್ರಮಾಣದ ನೀರು ಬೆರೆಸಿ, ತಂಪು ಹೊತ್ತಿನಲ್ಲಿ ಬಟ್ಟೆಯಿಂದ ಚುಕ್ಕೆಗಳ ಮೇಲೆ ಎರಡು ನಿಮಿಷ ಒತ್ತಿಟ್ಟು ಚೆನ್ನಾಗಿ ತೊಳೆಯಿರಿ. ಗಡಸು ನೀರಿನ ಸುಣ್ಣದಂಶ ಕರಗುತ್ತದೆ. ಅಲ್ಲಿದ್ದ ವ್ಯಾಕ್ಸ್ ಕೂಡ ಹೋಗಿರುತ್ತದೆ, ಮತ್ತೆ ಹಚ್ಚಿ. ಆಮೇಲೂ ಬೆರಳಿಗೆ ಗುಳಿ ಸಿಕ್ಕರೆ ಮಾತ್ರ ಪಾಲಿಶ್. ಮುಂದೆ, ತೊಳೆದ ಕಾರನ್ನು ಬಿಸಿಲಿಗೆ ಒಣಗಲು ಬಿಡದೆ ಕೂಡಲೇ ಒರೆಸಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಬಕೆಟ್‌ನಲ್ಲಿ ಕೂಡಿಟ್ಟು ಕಾರು ತೊಳೆಯುವವರಿದ್ದಾರೆ. ನೀರುಳಿಸುವ ಅವರ ಮನಸ್ಸಿಗೆ ಗೌರವವಿದೆ, ಆದರೆ ಬೋರ್‌ವೆಲ್ ನೀರಿಗಿಂತಲೂ ಹೆಚ್ಚು ಲವಣ ಅದರಲ್ಲಿರುತ್ತದೆ. ಚಕ್ರ, ಮಡ್‌ಗಾರ್ಡ್‌ನ ಒಳಭಾಗದ ಕೆಸರಿಗೆ ಬಳಸಿ, ಬಾನೆಟ್ ಮೇಲೆ ಸುರಿಯಬೇಡಿ.