ಮಗುವಿನ ಹೆಸರಿನ ನಡುವೆ ಎಷ್ಟು ಜನ?

ದಾವಣಗೆರೆಯಲ್ಲಿ ನಾನು ಆಪ್ತಸಲಹೆಗೆ ಕುಳಿತು ಹದಿನಾಲ್ಕು ವರ್ಷಗಳಾದವು. ಮಗುವಿಗೆ ಏನು ಹೆಸರಿಡೋಣವೆಂದು ಕೇಳಿಕೊಂಡು ಇಷ್ಟು ವರ್ಷಗಳಲ್ಲಿ ಯಾರೂ ಬಂದದ್ದಿಲ್ಲ. ರಾತ್ರಿ ನಿದ್ದೆಯಿಲ್ಲ, ಅತ್ತೆ ಮಾತು ಬಿಟ್ಟಿದ್ದಾರೆ, ತವರಿನವರು ಮನೆಗೆ ಕಾಲಿಡುತ್ತಿಲ್ಲ ಎಂದು ಬರುತ್ತಾರೆ. ಎರಡನೆಯ ಭೇಟಿಯಲ್ಲೋ ಮೂರನೆಯದರಲ್ಲೋ ಹೆಸರಿನ ಜಗಳ ಹೊರಬೀಳುತ್ತದೆ. ಹಾಗೆ ಬಂದ ಒಂದು ಕುಟುಂಬದ ವಿಷಯವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಹೆಸರಿನದೇ ಪ್ರಕರಣವನ್ನು ಬೇರೆ ಹೆಸರುಗಳಲ್ಲಿ ಬರೆಯುವುದು ಒಂದು ಪೇಚು. ಮೂಲದಷ್ಟೇ ಉದ್ದದ, ಮೂಲದಷ್ಟೇ ಭಾರದ ಹೆಸರುಗಳನ್ನು ಹುಡುಕಲು ನನಗೆ ಒಂದು ಸಂಜೆಯೇ ಹಿಡಿಯಿತು.

ಸುಮಾ ರಾಣೆಬೆನ್ನೂರು ಕಡೆಯವರು, ಮಂಜುನಾಥ ಚಳ್ಳಕೆರೆ ಕಡೆಯವರು. ಇಬ್ಬರಿಗೂ ಕೆಲಸ, ಮನೆ ಎರಡೂ ಇಲ್ಲೇ. ಗಂಡುಮಗುವಿಗೆ ಆಗ ಹತ್ತು ತಿಂಗಳು. ಸುಮಾ ತೂಕ ಕಳೆದುಕೊಂಡಿದ್ದರು, ಸಣ್ಣ ಮಾತಿಗೂ ಕಣ್ಣು ತುಂಬಿಕೊಳ್ಳುತ್ತಿದ್ದರು. ವೈದ್ಯರು ಪರೀಕ್ಷಿಸಿದ ಮೇಲೆ ನನ್ನಲ್ಲಿಗೆ ಕಳುಹಿಸಿದ್ದರು. ಮೊದಲ ದಿನ ಮಗುವಿನ ಚುಚ್ಚುಮದ್ದು ಮುಗಿಸಿಕೊಂಡು ನೇರವಾಗಿ ಬಂದಿದ್ದರಿಂದ ಆಕೆಯ ಕೈಯಲ್ಲಿ ತಾಯಿ ಕಾರ್ಡು ಇತ್ತು. ಅದನ್ನು ಮೇಜಿನ ಮೇಲಿಟ್ಟಾಗ ನೋಡಿದೆ: ಮಗುವಿನ ಹೆಸರಿನ ಜಾಗದಲ್ಲಿ ‘ಬೇಬಿ ಆಫ್ ಸುಮಾ’ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಜನನ ಪ್ರಮಾಣಪತ್ರದಲ್ಲಿ ಆ ಜಾಗ ಇನ್ನೂ ಖಾಲಿಯೇ ಇದೆಯೆಂದು ಆಮೇಲೆ ತಿಳಿಯಿತು.

ಹಾಗೆಂದು ಮಗುವಿಗೆ ಹೆಸರೇ ಇಟ್ಟಿರಲಿಲ್ಲವೆಂದಲ್ಲ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ನಾಲ್ಕು ಹೆಸರು ಹೇಳಿದ್ದರು, ಪ್ರತಿ ಹೆಸರಿಗೂ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಿದ್ದರು. ಕೃತ್ತಿಕಾ ನಕ್ಷತ್ರದ ಎರಡನೆಯ ಪಾದಕ್ಕೆ ‘ಈ’ ಬರುತ್ತದೆಂದು ಗಂಡಹೆಂಡಿರು ಆರಿಸಿಕೊಂಡ ಹೆಸರು ಈಶಾನ್. ತೀರಿಕೊಂಡ ತಾತನ ಹೆಸರು ತಿಪ್ಪೇರುದ್ರಪ್ಪ. ಅದು ಅತ್ತೆಯವರ ಪಟ್ಟು. ಹೆರಿಗೆ ಕಷ್ಟವಾದಾಗ ಸುಮಾ ಅವರ ತಾಯಿ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದರಿಂದ ಕರಿಬಸವ. ಇನ್ನು ತಂದೆಯ ಹೆಸರು ಹೇಗೂ ಕೊನೆಗೆ ಬರಲೇಬೇಕು. ಕಿವಿಯಲ್ಲಿ ನಾಲ್ಕೂ ಹಿಡಿಸಿದವು. ಕಾಗದಕ್ಕೆ ಬಂದಾಗ ಯಾವುದನ್ನು ನಡುವೆ ಇಡಬೇಕು, ಎಷ್ಟನ್ನು ಇಡಬೇಕು ಎಂದು ಜಗಳವಾಯಿತು.

ಈ ಜಗಳ ನಮ್ಮ ಸೀಮೆಯಲ್ಲಿ ಹೆಚ್ಚೆಂದು ನನ್ನ ಅನಿಸಿಕೆ, ಮತ್ತು ಅದಕ್ಕೆ ಕಾರಣವೂ ಇದೆ. ಹುಬ್ಬಳ್ಳಿ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಗಟ್ಟಿಯಾಗಿದೆ: ಬಸವರಾಜ ಸೋಮಪ್ಪ ಬೊಮ್ಮಾಯಿ ಎಂದರೆ ಯಾವುದು ಯಾರದೆಂದು ಯಾರೂ ಕೇಳುವುದಿಲ್ಲ. ಕೆಳಗೆ ಹೋದಂತೆ ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಹೆಸರಿನ ಮುಂದೆ ನಿಲ್ಲುತ್ತಾರೆ, ಎಸ್. ನಿಜಲಿಂಗಪ್ಪನವರ ಎಸ್ ಎಂದರೆ ಚಿತ್ರದುರ್ಗದ ಬಳಿಯ ಸಿದ್ದವ್ವನಹಳ್ಳಿ. ತುಂಗಭದ್ರೆಯ ಆಚೆಯ ಹೆಣ್ಣನ್ನು ಈಚೆಗೆ ತಂದುಕೊಂಡ ಮನೆಗಳಲ್ಲಿ ಈ ಎರಡು ಲೆಕ್ಕಗಳು ಒಂದೇ ಅರ್ಜಿಯ ಮೇಲೆ ಎದುರಾಗುತ್ತವೆ. ಸುಮಾ ಅವರಿಗೆ ನಡುವಿನ ಹೆಸರು ಸಹಜ. ಮಂಜುನಾಥರಿಗೆ ಅದು ಒಂದು ಇನಿಷಿಯಲ್ ಅಷ್ಟೇ, ಬಿಡಿಸಿ ಬರೆಯುವ ವಸ್ತುವಲ್ಲ. ಆತ ಬೇಸತ್ತು, ಈಶಾನ್ ಎಂದಷ್ಟೇ ಬರೆಸಿ ಕೈತೊಳೆದುಕೊಳ್ಳೋಣ ಎನ್ನುತ್ತಿದ್ದರು.

ಕಾಗದದ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಹೆಸರಿಲ್ಲದೆ ನೋಂದಾಯಿಸಿದ ಜನನಕ್ಕೆ ನೋಂದಣಿಯ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಸಣ್ಣ ತಡಶುಲ್ಕ ಕಟ್ಟಿ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಆಧಾರವಾದ್ದರಿಂದ, ಅದರಲ್ಲಿ ಬರೆಸಿದ ಹೆಸರನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ತಿದ್ದಿಸಬಹುದು. ಒಂದೇ ಪದದ ಹೆಸರೂ ಸುಖವಲ್ಲ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಅಂಥ ಪಾಸ್‌ಪೋರ್ಟ್ ಹಿಡಿದ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದಾಗ ಎಷ್ಟೋ ಮಂದಿ ಪರದಾಡಿದರು. ಇನ್ನು ಉದ್ದದ ಹೆಸರು: ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ ಇರುವುದು 39 ಸ್ಥಾನಗಳು. ಎರಡನೆಯ ಭೇಟಿಯಲ್ಲಿ ನಾನು ಚೌಕುಳಿ ಹಾಳೆಯ ಮೇಲೆ ಈ ನಾಲ್ಕು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ತಂದೆಯ ಹೆಸರು ಮೊದಲಾಗಿ, ಆ ಸಾಲಿನ ಕ್ರಮದಲ್ಲೇ ಬರೆದು ತೋರಿಸಿದೆ. ನಡುವಿನ ಗುರುತುಗಳೂ ಸೇರಿ 43 ಮನೆಗಳು ಬೇಕಾದವು. ಸಾಲು ತುಂಬಿದಲ್ಲಿಗೆ ಕಡಿದರೆ ಕೊನೆಯ ಹೆಸರು ‘ಕರಿಬ’ ಎಂದು ನಿಲ್ಲುತ್ತದೆ. ಮಂಜುನಾಥ ನಕ್ಕರು, ಸುಮಾ ನಗಲಿಲ್ಲ. ಅವರ ತಾಯಿಯ ಹರಕೆ ಅದು. ನಾನು ಆ ಉದಾಹರಣೆಯನ್ನು ಬೇರೆ ಹೆಸರಿನಿಂದ ತೋರಿಸಬಹುದಿತ್ತು ಎಂದು ಆಮೇಲೆ ಹೊಳೆಯಿತು.

ಮೂರನೆಯ ಭೇಟಿಗೆ ಅತ್ತೆಯವರನ್ನೂ ಕರೆತರಲು ಹೇಳಿದೆ. ಅರವತ್ತೈದು ದಾಟಿದ ಹೆಣ್ಣುಮಗಳು, ಗಂಡ ತೀರಿಕೊಂಡು ಮೂರು ವರ್ಷ. ಮಗು ಅವರ ತೊಡೆಯ ಮೇಲೇ ಇತ್ತು, ಅವರ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಮಾತು ಶುರುವಾಗುವ ಮೊದಲೇ ಅವರು ಖಡಾಖಂಡಿತವಾಗಿ ಹೇಳಿದರು: “ನಡುವೆ ಒಂದರ ಇಡ್ರಿ, ಹತ್ತರ ಇಡ್ರಿ, ನಮ್ಮನೆಯವರ ಹೆಸರು ಮಾತ್ರ ಮೊದ್ಲು ಬರಬೇಕು. ಈಶಾನ ಗೀಶಾನ ಎಲ್ಲ ಹಿಂದಕ್ಕಿರಲಿ.”

ಅದಕ್ಕೆ ಉತ್ತರ ಕೊಡಲು ನಾನು ಹೋಗಲಿಲ್ಲ. ಕುಟುಂಬದವರು ಕೂಡಿದಾಗ ನಾನು ಸಾಮಾನ್ಯವಾಗಿ ಒಂದು ಕೆಲಸ ಮಾಡಿಸುತ್ತೇನೆ: ಪ್ರತಿಯೊಬ್ಬರೂ ತಾವು ಬಯಸುವ ಪೂರ್ತಿ ಹೆಸರನ್ನು ಗಟ್ಟಿಯಾಗಿ, ಮಗುವನ್ನು ಕರೆಯುವಂತೆ, ಒಮ್ಮೆ ಹೇಳಬೇಕು. ಕಾಗದದ ಮೇಲೆ ಚೆನ್ನಾಗಿ ಕಾಣುವ ಎಷ್ಟೋ ಹೆಸರುಗಳು ಬಾಯಿಗೆ ಬಂದಾಗ ತಾವಾಗಿಯೇ ಮೊಟಕಾಗುತ್ತವೆ. ಮಂಜುನಾಥ ಹೇಳಿದರು, ಸುಮಾ ಹೇಳಿದರು. ಅತ್ತೆಯವರ ಸರದಿ ಬಂದಾಗ ಅವರು ಸುಮ್ಮನಾದರು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಅವರು ಮಗುವಿನ ಬಾಯಿಂದ ಸೆರಗು ಬಿಡಿಸಿಕೊಳ್ಳುತ್ತ, ತಲೆ ಎತ್ತದೆ, “ಅದನ್ನ ನಾನೆಂಗೆ ಹೇಳ್ಲಿ ಮೇಡಮ್ನೋರೆ? ಮದುವೆ ದಿವ್ಸ ಒಡಪಿನಾಗೆ ಒಂದ್ಸಲ ಹೇಳಿದ್ದೆ. ಆಮೇಲೆ ಬಾಯಾಗೆ ತಂದಿಲ್ಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಮುಂದುವರಿಸಿದರು. ನಾಯಕನಹಟ್ಟಿ ತೇರಿಗೆ ವರ್ಷವರ್ಷ ಹೋಗುತ್ತಾರಂತೆ. ಅಲ್ಲಿಯೂ ತಿಪ್ಪೇರುದ್ರಸ್ವಾಮಿ ಎನ್ನದೆ ‘ಹಟ್ಟಿ ಸ್ವಾಮಿ’ ಎಂದೇ ಕೈಮುಗಿಯುತ್ತಾರಂತೆ. ದೇವರ ಹೆಸರು ಹೇಳಿದರೂ ಗಂಡನ ಹೆಸರು ಹೇಳಿದಂತಾಗುತ್ತದೆ ಎಂಬ ಅಂಜಿಕೆ.

ನಾನು ಸುಮಾ ಅವರ ಕಡೆ ತಿರುಗಿದೆ. ಆಕೆ ಬರೆದುಕೊಂಡಿದ್ದ ಹೆಸರನ್ನು ಈಗ ತಾನೇ ಓದಿದ್ದರು, ಆದರೆ ಹೇಗೆ ಓದಿದ್ದರು ಎಂಬುದು ನನಗೆ ಆಗ ನೆನಪಾಯಿತು: “ಈಶಾನ್, ಮಾವನವರ ಹೆಸರು, ಕರಿಬಸವ, ಮಂಜುನಾಥ.” ಅಲ್ಲಿಯೂ ತಿಪ್ಪೇರುದ್ರಪ್ಪ ಇರಲಿಲ್ಲ. ಮಗುವಿನ ಬಳಿ ಹಗಲಿರುಳು ಇರುವ ಇಬ್ಬರು ಹೆಂಗಸರೂ ಬಾಯಿಬಿಟ್ಟು ಕರೆಯಲಾಗದ ಹೆಸರನ್ನು ಕರೆಯುವ ಹೆಸರಿನ ಜಾಗದಲ್ಲಿಡಲು ಆರು ತಿಂಗಳಿಂದ ಮನೆ ರಣರಂಗವಾಗಿತ್ತು. ಇದನ್ನು ನಾನು ಹೇಳಬೇಕಾಗಲಿಲ್ಲ. ಅತ್ತೆಯವರೇ ಮಗುವನ್ನು ಸೊಂಟಕ್ಕೇರಿಸಿಕೊಂಡು, “ಹಂಗಾದ್ರೆ ನಾನು ಇವ್ನನ್ನ ಏನಂತ ಕರೀಲಿ?” ಎಂದು ಮಗನನ್ನು ಕೇಳಿದರು. ಮಗ ಮಾತಾಡಲಿಲ್ಲ.

ಆಮೇಲೆ ಅವರು ಗಂಡನಿಗೆ ಆ ಹೆಸರು ಬಂದ ಕಥೆಯನ್ನು ಹೇಳಿದರು, ಹೆಸರನ್ನು ಎಲ್ಲಿಯೂ ಉಚ್ಚರಿಸದೆ. ಅವರಿಗಿಂತ ಮುಂಚೆ ಹುಟ್ಟಿದ ಎರಡು ಮಕ್ಕಳು ಉಳಿದಿರಲಿಲ್ಲ. ಮೂರನೆಯದು ಹುಟ್ಟಿದಾಗ ತಾಯಿ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ಯಾರಿಗೂ ಬೇಡದ ಕೂಸು ಇದೆಂದು ಸಾವಿಗೆ ನಂಬಿಸಿ, ಹಟ್ಟಿ ಸ್ವಾಮಿಯ ಹೆಸರನ್ನೇ ಇಟ್ಟರಂತೆ. ಮಂಜುನಾಥರಿಗೆ ಮೂವತ್ತನಾಲ್ಕು ವರ್ಷ. ತಂದೆಯ ಹೆಸರಿನ ಈ ಹಿನ್ನೆಲೆಯನ್ನು ಅವರು ಕೇಳಿದ್ದು ಅಂದೇ ಮೊದಲು. ಅವರ ಪಾಲಿಗೆ ಅದು ಅಲ್ಲಿಯವರೆಗೆ ‘ಟಿ’ ಆಗಿತ್ತು.

ಆ ದಿನ ನಾನು ಸಲಹೆ ಕೊಟ್ಟೆ. ಆಪ್ತಸಲಹೆಗಾರರು ಸಲಹೆ ಕೊಡಬಾರದು, ಬಂದವರೇ ನಿರ್ಧರಿಸಲು ನೆರವಾಗಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಈ ಪ್ರಕರಣ ಕೇಳಿ ನೀವು ಗೆರೆ ದಾಟಿದಿರಿ ಎಂದೂ ಹೇಳಿದರು. ಇರಬಹುದು. ಆದರೆ ನಮ್ಮ ಬಾಗಿಲಿನ ಫಲಕದಲ್ಲೇ ಸಲಹೆ ಎಂಬ ಪದವಿದೆ, ಎರಡು ತಿಂಗಳಲ್ಲಿ ಗಡುವು ಮುಗಿಯುತ್ತಿತ್ತು, ಮತ್ತು ಹಾಲೂಡಿಸುವ ತಾಯಿ ಆರು ಕೇಜಿ ಇಳಿದಿದ್ದರು. ನಾನು ಹೇಳಿದ್ದು ಇಷ್ಟು. ಮೊದಲ ಹೆಸರು, ಮಗುವನ್ನು ದಿನಾ ಕರೆಯುವವರು ಕರೆಯಬಲ್ಲ ಹೆಸರಾಗಿರಲಿ. ನಡುವೆ ಒಂದಕ್ಕಿಂತ ಹೆಚ್ಚು ಬೇಡ. ಆ ಒಂದು, ಮನೆಯಲ್ಲಿ ಯಾರಾದರೂ ಕೂರಿಸಿಕೊಂಡು ಮಗುವಿಗೆ ಕಥೆ ಹೇಳಬಲ್ಲ ಹೆಸರಾಗಿರಲಿ. ತಾತನ ಹೆಸರಿಗೆ ಆ ಜಾಗ ಸಲ್ಲುತ್ತದೆ. ಹರಕೆಯ ಹೆಸರು ದೇವರಿಗೆ ಹೇಳಿದ ಮಾತು. ಅದನ್ನು ಉಕ್ಕಡಗಾತ್ರಿಯಲ್ಲಿ ಜವಳ ತೆಗೆಸುವಾಗ ಅಜ್ಜಯ್ಯನ ಎದುರು ಕೂಗಿ ಕರೆದರೆ ತೀರುತ್ತದೆ, ಮುದ್ರೆ ಒತ್ತಿಸಿದ ನಕಲು ಅಜ್ಜಯ್ಯನಿಗೆ ಬೇಕಾಗಿಲ್ಲ.

ಒಂದೇ ಏಕೆ, ಎರಡಿದ್ದರೆ ಏನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಕಾಗದದ ತೊಡಕು ಒಂದು ಕಾರಣ ಮಾತ್ರ. ನಡುವೆ ಎರಡು ಹೆಸರು ಬಂದ ಕ್ಷಣವೇ ಯಾವುದು ಮುಂದೆ, ಯಾವುದು ಹಿಂದೆ ಎಂಬ ಲೆಕ್ಕ ಹುಟ್ಟುತ್ತದೆ, ಎರಡು ಕಡೆಯ ಬೀಗರು ಮಗುವಿನ ಹೆಸರಿನಲ್ಲಿ ಅಕ್ಕಪಕ್ಕ ಕುಳಿತು ಪಂಕ್ತಿಯ ಜಗಳವನ್ನು ಜೀವಮಾನವಿಡೀ ಮುಂದುವರಿಸುತ್ತಾರೆ. ಹಿರಿಯರ ಋಣ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಅದನ್ನು ತೀರಿಸಬೇಕಾದವರು ಮಗುವಿನ ತಂದೆತಾಯಿ. ಪರೀಕ್ಷೆಯ ಅರ್ಜಿಯಲ್ಲಿ ಚೌಕ ಸಾಲದೆ ಪೇಚಾಡುವ ಹದಿನೈದರ ಹುಡುಗನಲ್ಲ.

ಈ ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಕೊನೆಯ ಭೇಟಿಗೆ ಸುಮಾ ಒಬ್ಬರೇ ಬಂದರು. ಅರ್ಜಿ ತುಂಬಿಯಾಗಿತ್ತು: ಈಶಾನ್ ತಿಪ್ಪೇರುದ್ರ ಮಂಜುನಾಥ. ಕೊನೆಯ ‘ಅಪ್ಪ’ವನ್ನು ಬಿಡಿಸಿದವರು ಅತ್ತೆಯವರೇ. ನಿದ್ದೆ ಸ್ವಲ್ಪ ಬರುತ್ತಿದೆ, ಮನೆಯಲ್ಲಿ ಮಾತು ಶುರುವಾಗಿದೆ ಎಂದರು. ಮತ್ತೆ, ಬೇರೇನೋ ಹೇಳುವವರಂತೆ, “ನಾನೂ ಒಂದು ಹೆಸರು ಬರ್ಕೊಂಡಿದ್ದೆ ಮೇಡಂ, ಹೇಳ್ಲಿಲ್ಲ,” ಎಂದರು. ಅದು ಅವರದೇ ಹೆಸರು. ಈಶಾನ್ ಸುಮಾ ಮಂಜುನಾಥ.

ನಾಲ್ಕು ಭೇಟಿಗಳಲ್ಲಿ ತಾತ, ದೇವರು, ನಕ್ಷತ್ರ, ತಂದೆ ಎಲ್ಲರ ಪರವಾಗಿಯೂ ವಾದ ಕೇಳಿದ್ದೆ. ಹೆತ್ತವಳ ಹೆಸರೂ ಒಂದು ಇರಬಹುದೆಂದು ನಾನು ಕೇಳಿರಲಿಲ್ಲ. ನಡುವೆ ಒಂದೇ ಎಂಬ ನನ್ನ ಸಲಹೆ ಆಕೆಯ ಬಾಯಿಯನ್ನು ಇನ್ನಷ್ಟು ಮುಚ್ಚಿಸಿತ್ತು. ಇನ್ನೂ ಕಾಲ ಮಿಂಚಿಲ್ಲ, ತಂದೆಯ ಹೆಸರೇ ಕೊನೆಗೆ ಬರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿನ ಅರ್ಜಿಗೂ ತಂದೆತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದು ನಾನು ಅವಸರದಲ್ಲಿ ಒಂದೇ ಉಸಿರಿಗೆ ಹೇಳಿದೆ. ಆಕೆ ತಲೆಯಾಡಿಸಿದರು. “ಬೇಡ ಮೇಡಂ. ನಾಳೆ ಸ್ಕೂಲಲ್ಲಿ ಅಪ್ಪ ಇಲ್ವಾ ಅಂತ ಕೇಳ್ತಾರೆ. ಮನೇಲಿ ಈಗ ತಾನೇ ಎಲ್ಲರೂ ಮಾತಾಡ್ತಿದ್ದಾರೆ.” ಒತ್ತಾಯಿಸಬೇಕಿತ್ತೋ ಬಿಡಬೇಕಿತ್ತೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ, ಅಂದು ಬಿಟ್ಟೆ. ಅದಾದ ಮೇಲೆ ಬಂದ ಪ್ರತಿ ಕುಟುಂಬದಲ್ಲಿ ನಾನು ಮೊದಲು ಕೇಳುವುದು ತಾಯಿಯನ್ನು, ಅದೂ ಒಬ್ಬರೇ ಇರುವಾಗ.

ಏಳುವ ಮೊದಲು ಸುಮಾ ಚೀಲದಿಂದ ತಾಯಿ ಕಾರ್ಡನ್ನು ತೆಗೆದು ತೋರಿಸಿದರು. ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ನರ್ಸ್ ಹೊಸ ಹೆಸರನ್ನು ಬರೆದಿದ್ದರು. ಹಳೆಯದರ ಮೇಲೆ ಒಂದೇ ಒಂದು ಗೆರೆ ಎಳೆದಿದ್ದರು, ಕೆಳಗಿನ ಅಕ್ಷರಗಳು ಪೂರ್ತಿ ಓದುವಂತಿದ್ದವು. “ವೈಟ್ನರ್ ಹಾಕ್ತೀನಿ ಅಂದ್ರು,” ಎಂದರು ಸುಮಾ, “ನಾನೇ ಬೇಡ ಅಂದೆ.”