ಹಳೆಯ ಮೌಂಟನ್ ಬೈಕಿಗೆ ಡಿಸ್ಕ್ ಬ್ರೇಕ್ ಹಾಕಿಸಬಹುದಾ? ಮಳೆಗಾಲದಲ್ಲಿ ಕಲಬುರಗಿಯ ಎರೆಮಣ್ಣು ರಿಮ್‌ಗೆ ಮೆತ್ತಿ, ರಿಮ್ಮನ್ನೇ ಒತ್ತುವ ವಿ-ಬ್ರೇಕ್ ಹಿಡಿಯುವುದಿಲ್ಲ

ಹಾಕಿಸಬಹುದು. ಆದರೆ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಕೂರಿಸುವ ತೂತುಗಳಿರುವ ಪಟ್ಟಿ ಫ್ರೇಮಿನ ಹಿಂದಿನ ಎಡಬದಿಯಲ್ಲೂ ಮುಂಚಕ್ರ ಹಿಡಿಯುವ ಫೋರ್ಕಿನಲ್ಲೂ ಇರಬೇಕು, ಚಕ್ರದ ನಡುವಿನ ಹಬ್‌ಗಳೂ ಡಿಸ್ಕ್ ಹಬ್‌ಗಳೇ ಆಗಬೇಕು.

ಪಟ್ಟಿ ಇಲ್ಲದಿದ್ದರೆ ಹಿಂದೆ ಹಾಕಿಸಬೇಡಿ. ರಿಮ್‌ಗಿಂತ ಡಿಸ್ಕ್ ತುಂಬಾ ಚಿಕ್ಕದು. ಅಷ್ಟೇ ವೇಗ ತಗ್ಗಿಸಲು ಕ್ಯಾಲಿಪರ್ ಹಲವು ಪಟ್ಟು ಬಲ ತಡೆಯಬೇಕು, ಅದೆಲ್ಲ ಎಡಬದಿಯ ತೆಳು ಪೈಪಿನ ಮೇಲೇ ಬೀಳುತ್ತದೆ. ಪಟ್ಟಿಯ ಬದಲು ಪೈಪಿಗೆ ಬಿಗಿಯುವ ಕ್ಲ್ಯಾಂಪ್ ಅಡಾಪ್ಟರ್ ಜಾರಬಹುದು, ಪೈಪ್ ಸೀಳಬಹುದು. ಇದರಲ್ಲಿ ರಾಜಿ ಬೇಡವೇ ಬೇಡ.

ಅಂಥ ಬೈಕಿಗೆ ಮುಂದೆ ಮಾತ್ರ ಬದಲಿಸಿ. ಬ್ರೇಕಿನ ಹೆಚ್ಚಿನ ಹಿಡಿತ ಸಿಗುವುದು ಮುಂದಿನಿಂದಲೇ, ಡಿಸ್ಕ್ ಹಬ್ಬಿನ ಪಕ್ಕದಲ್ಲಿರುವುದರಿಂದ ಕೆಸರೂ ಅಷ್ಟಾಗಿ ತಾಗದು. ಡಿಸ್ಕ್ ಮೌಂಟ್ ಇರುವ ಫೋರ್ಕ್, ಡಿಸ್ಕ್ ಹಬ್ಬಿನ ಚಕ್ರ, 160 ಮಿಮೀ ರೋಟರ್ (ಅದೇ ಡಿಸ್ಕ್), ಕೇಬಲ್ ಕ್ಯಾಲಿಪರ್ ಸಾಕು. ಫೋರ್ಕಿನ ಉದ್ದ ಹಳೆಯದರಷ್ಟೇ ಇರಲಿ. ಹಳೆಯ ಬೈಕಿನಲ್ಲಿ ಫ್ರೇಮಿನೊಳಗೆ ಹೋಗುವ ಫೋರ್ಕಿನ ಮೇಲಿನ ಕೊಳವೆ ಸಾಮಾನ್ಯವಾಗಿ ಉದ್ದಕ್ಕೂ ಒಂದೇ ದಪ್ಪದ್ದು, ಒಂದೂಕಾಲು ಇಂಚಿಗಿಂತ ತುಸು ಸಣ್ಣದು, 28.6 ಮಿಮೀ; ಈಗಿನ ಬುಡದಲ್ಲಿ ದಪ್ಪಗಿರುವ ಕೊಳವೆ ಹಿಡಿಸದು. ಕ್ಯಾಲಿಪರ್ ಮೌಂಟನ್ ಬೈಕಿನದೇ ಆದರೆ ಹಳೆಯ ವಿ-ಬ್ರೇಕ್ ಲಿವರ್ ನಡೆಯುತ್ತದೆ. ರೋಡ್ ಬೈಕಿನದಾದರೆ ಲಿವರ್ ಬಿಗಿಯಾಗಿ ಹಿಡಿತ ಕುಗ್ಗುತ್ತದೆ.

ರೋಟರಿಗೆ ಎಣ್ಣೆಗೈ ತಾಗಿಸಬೇಡಿ. ಮೊದಲು ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ವೇಗ ಪಡೆದು, ಪೂರ್ತಿ ನಿಲ್ಲದೆ ನಡಿಗೆಯ ವೇಗಕ್ಕೆ ಇಳಿಸಿ. ಆಮೇಲೇ ಪ್ಯಾಡ್ ಸರಿಯಾಗಿ ಕಚ್ಚುವುದು.